ನಿದ್ದೆಯ ಹನಿ

ಮಂಗಳವಾರ, ಹನ್ನೆರಡನೇ ತಾರೀಖು
ಸಂಜೆ ಐದು ಗಂಟೆ

ನನ್ನ ಗುಬ್ಬಚ್ಚಿಗೆ, ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ ಎಂದು ಬರೆದೆ, ಆಮೇಲೆ ಅದರ ಮೇಲೆ ಗೀಟು ಎಳೆದೆ. ಮೂರು ವಾರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತು ಎದ್ದುಹೋಗಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕ್ತೀಯ, ನಾನು ಮಾತು ಬದಲಾಯಿಸ್ತೀನಿ. ಕಾಗದ ತೆಪ್ಪಗೆ ಕೇಳಿಸಿಕೊಳ್ಳುತ್ತೆ.

ಮೊದಲು ಅಪ್ಪನ ಸುದ್ದಿ. ಬೆರಳಿನ ಹೊಲಿಗೆ ಬಿಚ್ಚಿದ್ದಾರೆ. ಎಡಗೈ ತೋರುಬೆರಳಿನ ತುದಿ ಹೋಗಿದ್ದು ಹೋಯಿತು. ಬಟ್ಟೆ ಕತ್ತರಿಸುವ ಮೆಷಿನ್ ಹತ್ತಿರಕ್ಕೂ ಮಾಲೀಕರು ಬಿಡುತ್ತಿಲ್ಲ. ಈಗ ಕಾಜಾ ಹೊಲಿಯುವ ಹೆಂಗಸರ ಪಕ್ಕ ಕೂತು ಗುಂಡಿ ವಿಂಗಡಿಸುತ್ತಾರೆ. ಇಪ್ಪತ್ತೇಳು ವರ್ಷ, ಅರವತ್ತು ಪದರ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸಿದ ಕೈ ಅದು. ಗುಂಡಿಗಳು ಬಲು ಸಾಧು, ಕಚ್ಚಲ್ಲ ಅಂತ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಒಂದು ನಿಮಿಷ ಎದ್ದು ಬಂದೆ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿ ಬಂದಿದ್ದೇನೆ ನೋಡು.

ನಿನಗೆ ಅರ್ಧಂಬರ್ಧ ಗೊತ್ತಿದೆ, ಮೊದಲಿನಿಂದ ಹೇಳ್ತೀನಿ. ಅಪ್ಪನದು ಬರೀ ಗೊರಕೆಯಲ್ಲ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ಪರೀಕ್ಷೆ ಮಾಡಿದಾಗ ಗಂಟೆಗೆ ಮೂವತ್ತೊಂದು ಸಲ ನಿಂತಿತ್ತು. ಅದಕ್ಕೆ ಇರುವ ಚಿಕಿತ್ಸೆ ಗಾಳಿ ಊದುವ ಮಾಸ್ಕ್. ಗಾಂಜಾ ಎಣ್ಣೆಯ ಹನಿ ಕೊಟ್ಟದ್ದು ಸೊಂಟನೋವಿಗೆ. ನೋವು ತಗ್ಗಿದರೆ ಮಾಸ್ಕ್ ಕೀಳದೆ ಮಲಗಿಯಾರು ಅಂತ. ಡಾಕ್ಟರಮ್ಮ ಅವತ್ತೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ಮಲಗುವಾಗ ಎರಡೇ ಹನಿ. ಇದು ನಿದ್ದೆ ಬರಿಸಬಹುದು, ಉಸಿರು ಕಾಯಲ್ಲ. ಮೈಗೆ ಒಗ್ಗಿಹೋಗಿ ಸಾಲದು ಅನ್ನಿಸಿದರೆ ನೀವೇ ಏರಿಸಬೇಡಿ, ನನ್ನ ಹತ್ತಿರ ಬನ್ನಿ."

ಮೊದಲ ತಿಂಗಳು ಸ್ವರ್ಗ. ಎರಡನೇ ತಿಂಗಳಿಗೆ ಮೈ ಒಗ್ಗಿತು, ಎರಡು ಹನಿ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಮಾಸ್ಕ್ ಮತ್ತೆ ನೆಲಕ್ಕೆ. ಗೊರಕೆಯನ್ನು ಹೇಗೋ ಸಹಿಸಬಹುದು ಕಣೇ, ಅದು ನಿಲ್ಲುವುದನ್ನು ಸಹಿಸಲಾಗಲ್ಲ. ನಿಂತಾಗೆಲ್ಲ ನಾನೆದ್ದು ಭುಜ ಅಲ್ಲಾಡಿಸಬೇಕು. ಅಪ್ಪ ಹೋಗಿ ಕೇಳಿದರು. ಏರಿಸುವುದು ಬೇಡ, ಮೊದಲು ಮಾಸ್ಕ್ ಬದಲಾಯಿಸೋಣ, ಹೊಸದು ಬರಲು ತಿಂಗಳಾಗುತ್ತೆ ಅಂದರಂತೆ. ಸರಿ ಅಂತ ವಾಪಸು ಬಂದರು. ಶಾಲೆಯಲ್ಲಿ ನಾನು ಹಾಜರಿ ಕರೆಯುತ್ತಾ ಒಂದೇ ಹೆಸರನ್ನು ಮೂರು ಸಲ ಕೂಗಿದೆ. ಮಕ್ಕಳು ನಕ್ಕರು, ಹೆಡ್‌ಮಿಸ್ ನಗಲಿಲ್ಲ.

ಆಮೇಲೆ ಅಪ್ಪ ಕೊರಡಿನ ಹಾಗೆ ಮಲಗತೊಡಗಿದರು. ಬೆಳಗ್ಗೆ ತಲೆ ಮಂಜು ಕವಿದ ಹಾಗಿದೆ ಅನ್ನುತ್ತಿದ್ದರು. ಮೂರು ವಾರಕ್ಕೆ ಸರಿಯಾಗಿ, ಮಧ್ಯಾಹ್ನ ಊಟವಾದ ಮೇಲೆ, ಬ್ಲೇಡಿನ ಮುಂದೆ ತೂಕಡಿಸಿದರು.

ಎರಡು ತಿಂಗಳು ಬರಬೇಕಾದ ಹೊಸ ಸೀಸೆ ಮೂರು ವಾರಕ್ಕೆ ಖಾಲಿ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ಹನಿ ತಗೊಳ್ತಿದ್ದಿರಿ ಅಂತ ಕೇಳಿದರು. ಎರಡೇ ಅಂದರು ಅಪ್ಪ. ಯಾರೂ ನಂಬಲಿಲ್ಲ. ನೀನು ಫೋನಿನಲ್ಲಿ "ಕುಡುಕರೂ ಹೀಗೇ ಹೇಳೋದು ಅಪ್ಪ" ಅಂದೆಯಲ್ಲ, ಅವತ್ತು ಅವರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋಗಿ ನಿಂತರು. ಅಲ್ಲಿಂದ ನಿಮ್ಮಿಬ್ಬರಿಗೂ ಮಾತಿಲ್ಲ.

ಈಗ ಹನಿ ಪೂರ್ತಿ ನಿಲ್ಲಿಸಿದ್ದಾರೆ. ಎಷ್ಟಕ್ಕೆ ಮೈ ಒಗ್ಗಿತ್ತು ಎಂಬ ನಿಜ ಗೊತ್ತಾಗದೆ ಮುಂದಿನದನ್ನು ಹೇಳಕ್ಕಾಗಲ್ಲ ಅನ್ನುತ್ತಾರೆ ಡಾಕ್ಟರಮ್ಮ. ಹೊಸ ಮಾಸ್ಕ್ ಬಂದಿದೆ, ಚಿಕ್ಕದು, ಮೂಗಿಗೆ ಕೂರುತ್ತೆ. ಮೂರು ದಿನದಿಂದ ಕಿತ್ತಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ನಿದ್ದೆಗೆಡಬೇಡ. ನಿನ್ನ ಬಾಳು ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ಮರೆತು ಬಿಟ್ಟ ಮಾತಲ್ಲ ಇದು. ಇದನ್ನು ಹೇಳಲಾರದೆ ಮೇಲಿನದನ್ನೆಲ್ಲ ಬರೆದೆ. ಅಪ್ಪ ಸುಳ್ಳು ಹೇಳಿಲ್ಲ. ಅವರು ತಗೊಂಡದ್ದು ಎರಡೇ ಹನಿ. ಉಳಿದದ್ದನ್ನು ಅವರು ಮಲಗುವ ಮುಂಚೆ ಕುಡಿಯುವ ಹಾಲಿಗೆ ಬೆರೆಸಿದವಳು ನಾನು. ಮೊದಲು ಎರಡು, ಆಮೇಲೆ ನಾಲ್ಕು, ಕೊನೆಗೆ ಆರು. ನನಗೆ ನಿದ್ದೆ ಬೇಕಿತ್ತು ಗುಬ್ಬಚ್ಚಿ. ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನಿನ್ನೆ ಹೇಳಿದೆ. ಕೆಲಸದಿಂದ ಬಂದು ಷೂ ಬಿಚ್ಚುತ್ತಿದ್ದರು. ಬಿಚ್ಚಿದ ಷೂವನ್ನು ಕೈಯಲ್ಲೇ ಹಿಡಿದುಕೊಂಡು "ಒಟ್ಟು ಎಷ್ಟು?" ಅಂದರು. ಎಂಟು ಅಂದೆ. ಡಾಕ್ಟರಮ್ಮನಿಗೆ ತೋರಿಸಲು ಚೀಟಿಯ ಹಿಂದೆ ಬರೆದುಕೊಂಡರು. ಆಮೇಲೆ ಕೇಳಿದರು, "ನಿನಗಾದರೂ ನಿದ್ದೆ ಬಂತಾ?"

ಬಂತು ಅಂದೆ. ನಿಜ ಅದು.

ಅಪ್ಪನಿಗೆ ಫೋನ್ ಮಾಡು. ನನ್ನ ವಿಷಯ ಆಮೇಲೆ. ಅವರು ನನ್ನನ್ನು ಬೈದಿಲ್ಲ, ಯಾರಿಗೂ ಹೇಳಬೇಡ ಅಂತಲೂ ಅಂದರು. ಆದರೆ ನಿನ್ನೆ ಹಾಲನ್ನು ತಾವೇ ಕಾಯಿಸಿಕೊಂಡರು.