ಹೆಚ್ಚಾದ ಹರಳು

ಗೋಕಾಕ
ಭಾನುವಾರ, 27 ಜುಲೈ 2025

ಅಫ್ಜಲ ಅವರಿಗೆ, ಅಂಕಲಗಿಯ ಬಳೆ ಅಂಗಡಿಯ ಸಾಹಿರಾ ಮಾಡುವ ಸಲಾಮು.

ಹೆಸರು ಹಿಡಿದು ಬರೆದೆ ಎಂದು ಹುಬ್ಬು ಗಂಟಿಕ್ಕಬೇಡಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಅಂದವಳಲ್ಲ. ಆದರೆ ಕಳೆದ ಸೋಮವಾರ ನಾನು ಕಲಿಯಲು ಬಂದ ಇಲ್ಲಿಯ ಶಿಬಿರದ ಫಾರ್ಮಿನಲ್ಲಿ 'ಗಂಡನ ಹೆಸರು' ಎಂಬ ಸಾಲು ತುಂಬಬೇಕಾಯಿತು. ಖಾಲಿ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಬರೆದೆ. ಒಮ್ಮೆ ಬರೆದಾದ ಮೇಲೆ ಎರಡನೆಯ ಸಲಕ್ಕೆ ಅಷ್ಟೇನೂ ನಾಚಿಕೆ ಇರುವುದಿಲ್ಲ.

ಫೋನು ಇರುವಾಗ ಕಾಗದವೇಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಲು ಬಿಟ್ಟವರಲ್ಲ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕಲು ಬರುವುದಿಲ್ಲ. ಇಬ್ಬರೂ ಕನ್ನಡ ಸಾಲೆಯಲ್ಲಿ ಕಲಿತವರು, ನನ್ನ ಅಕ್ಷರ ನಿಮ್ಮದಕ್ಕಿಂತ ದುಂಡಗಿದೆ, ಓದಲು ತೊಂದರೆಯಾಗದು. ಪೂರ್ತಿ ಓದಿ. ಆಮೇಲೆ ಸಿಟ್ಟು ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ.

ಈ ತಿಂಗಳ ಮೊದಲಲ್ಲಿ ಕಂಡಕ್ಟರ್ ಮಾಯಪ್ಪಣ್ಣ ಬಸ್ಸು ನಿಲ್ಲಿಸಿ ನಮ್ಮ ಅಂಗಡಿಗೆ ಬಂದು, ಕರ್ಚೀಫಿನಲ್ಲಿ ಕಟ್ಟಿದ ನಿಮ್ಮ ಉಂಗುರ ಕೊಟ್ಟರು. ನಿಕಾಹ್ ಆದಾಗ ನಮ್ಮ ಅಬ್ಬಾ ನಿಮಗೆ ಹಾಕಿದ, ಬೆಳ್ಳಿಯಲ್ಲಿ ಕೆಂಪು ಅಕೀಕಿನ ಹರಳು ಕೂರಿಸಿದ ಉಂಗುರ. ನೀವು ಹೇಳಿ ಕಳಿಸಿದ್ದನ್ನು ಅವರು ಒಂದಕ್ಷರ ಬಿಡದೆ ಒಪ್ಪಿಸಿದರು. "ತಿಂಗಳ ಕೊನೀ ಒಳಗ ಇದನ್ನ ಹೊಳ್ಳಿ ಕಳಿಸಿದ್ರ ಅಂಕಲಗಿಗೇ ಬಂದು ಇರ್ತಾನಂತ. ಇಟ್ಕೊಂಡ್ರ ಅಲ್ಲಿಗೆ ಮುಗೀತಂತ. ನನಗ ಇಷ್ಟ ಹೇಳಾಕ ಹೇಳ್ಯಾನ ನೋಡವಾ, ನನ್ನ ಮ್ಯಾಲ ಸಿಟ್ಟಾಗಬ್ಯಾಡ." ಪಾಪ, ಟಿಕೆಟ್ ಹರಿಯುವ ಮನುಷ್ಯನ ಕೈಯಲ್ಲಿ ನಮ್ಮ ಸಂಸಾರ ಕೊಟ್ಟು ಕಳಿಸಿದ್ದೀರಿ. ಬಸ್ಸಿನ ತುಂಬ ಜನ ಕಿಟಕಿಯಿಂದ ಕತ್ತು ಹಾಕಿ ನೋಡುತ್ತಿದ್ದರು.

ಹದಿನಾಲ್ಕು ತಿಂಗಳ ಹಿಂದೆ ನೀವು ಯಮಕನಮರಡಿಗೆ ಹೋದಾಗಲೂ ಹೀಗೇ, ನಿಮ್ಮ ಅಕ್ಕನ ಮನೆಯ ತುಂಬ ಜನರಿದ್ದರು. "ಊರ ಹೆಂಗಸರ ಕೈ ಹಿಡಿಯೂದು ಏನ್ ದೊಡ್ಡ ಧಂದೇನ? ಅಂಗಡಿ ಮುಚ್ಚಿ ಬಾ" ಎಂದಿರಿ. ಅಲ್ಲಿ ಹೆದ್ದಾರಿ ಇದೆ, ನಿಮ್ಮ ಟೆಂಪೋಕ್ಕೆ ಬಾಡಿಗೆ ಸಿಗುತ್ತದೆ, ಅದು ಖರೆ. ನಾನೂ ಸುಮ್ಮನಿರಲಿಲ್ಲ. "ನಿಮ್ಮ ಟೆಂಪೋಕ್ಕ ಗಾಲಿ ಅದಾವು, ನನ್ನ ಅಂಗಡಿಗಿಲ್ಲ" ಎಂದು ಎಲ್ಲರೆದುರು ಹೇಳಿ ಎದ್ದು ಬಂದೆ. ಅಂದು ನಿಮ್ಮ ಮುಖ ಕಂಡು ಎಲ್ಲರೂ ನಕ್ಕರು. ನಗಿಸಬಾರದಿತ್ತು. ಆದರೆ ಮಾತು ತಪ್ಪಾಗಿರಲಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ.

ಉಂಗುರ ಬಂದ ದಿನ ನಾನು ಅದನ್ನು ಅಂಗಡಿಯ ಬೆಳಕಿಗೆ ಹಿಡಿದು ನೋಡಿದೆ. ಹರಳು ಪೂರ್ತಿ ಮಂಕಾಗಿತ್ತು. ಉಂಗುರ ತೆಗೆಯದೆಯೇ ಗಾಲಿ ಬಿಚ್ಚುವುದು, ಜ್ಯಾಕ್ ಏರಿಸುವುದು, ಎಲ್ಲ ಮಾಡುತ್ತೀರಿ, ಇನ್ನೇನಾಗುತ್ತದೆ? ಮೈತುಂಬ ಗೀರು. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಹಾಗೆಯೇ ವಾಪಸು ಕಳಿಸಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಗೋಕಾಕದಲ್ಲಿ ಹರಳು ಕೆತ್ತಿ ಒಡವೆ ಮಾಡುವುದನ್ನು ಏಳು ದಿನ ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆಂಬ ಸುದ್ದಿ ಬಂತು. ಈಗಿನ ಹುಡುಗಿಯರಿಗೆ ಹರಳಿನ ಬಳೆಯೇ ಬೇಕು, ಉದುರಿದ ಹರಳು ಕೂಡಿಸಿ ಕೊಡಿ ಎಂದು ದಿನಕ್ಕೆ ನಾಲ್ಕು ಜನ ಬರುತ್ತಾರೆ. ಅಮ್ಮಿಯನ್ನು ಅಂಗಡಿಯಲ್ಲಿ ಕೂರಿಸಿ ಬಂದೆ. ಬರುವಾಗ ನಿಮ್ಮ ಉಂಗುರವನ್ನೂ ತಂದೆ. ಹೊಳಪು ಕೊಟ್ಟು ಕಳಿಸೋಣ ಎಂದೇ ತಂದದ್ದು.

ಇಲ್ಲಿ ನಾವು ಹನ್ನೆರಡು ಜನ. ಕೆಳಗಿನ ಕೋಣೆಯಲ್ಲಿ ಸಾಣೆ ಚಕ್ರಗಳು, ಮೇಲೆ ನಮ್ಮ ಹಾಸಿಗೆಗಳು. ಬೆಳಿಗ್ಗೆ ಅವಲಕ್ಕಿ ತಿಂದು ಕೂತರೆ ಮಧ್ಯಾಹ್ನದ ರೊಟ್ಟಿಗೆ ಏಳುವುದು. ಕಲಿಸುವವರು ಹುಕ್ಕೇರಿಯ ಸ್ವಪ್ನಿಲ್ ಮಾಸ್ತರ. ವಯಸ್ಸು ಮೂವತ್ತೋ ಏನೋ, ಆರು ವರ್ಷ ಜೈಪುರದಲ್ಲಿದ್ದು ಕಲಿತು ಬಂದಿದ್ದಾರೆ. ಬಾಜೂ ಹಾಸಿಗೆಯವಳು ಕುಲಗೋಡದ ಆಮ್ರಪಾಲಿ, ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ, ಬಾಯಿ ಬಲು ಜೋರು.

ಮೊದಲು ಕಡ್ಡಿಯ ತುದಿಗೆ ಅರಗು ಕಾಯಿಸಿ ಹಚ್ಚಿ, ಅದಕ್ಕೆ ಹರಳು ಅಂಟಿಸುತ್ತಾರೆ. ಆಮೇಲೆ ಆ ಕಡ್ಡಿ ಹಿಡಿದು, ತಿರುಗುವ ಚಕ್ರಕ್ಕೆ ಹರಳನ್ನು ಒಡ್ಡುವುದು. ನೀರು ತೊಟ್ಟಿಕ್ಕುತ್ತಿರಬೇಕು. ಸ್ವಲ್ಪ ಒತ್ತಿದರೆ ಹೋಯಿತು, ಒತ್ತದಿದ್ದರೆ ಏನೂ ಆಗುವುದಿಲ್ಲ. ಬೇರೆಯವರು ಎರಡು ದಿನ ಒದ್ದಾಡಿದರು. ನನಗೆ ಮೊದಲ ಮಧ್ಯಾಹ್ನವೇ ಕೈ ಕೂತಿತು. ಇದು ಜಂಬವಾದರೆ ಜಂಬವೇ ಸರಿ. ಕೈಯ ಗೆಣ್ಣು ನೋಯದಂತೆ ಗಾಜಿನ ಬಳೆ ಏರಿಸುವವಳಿಗೆ ಎಷ್ಟು ಒತ್ತಬೇಕೆಂದು ಬೇರೆ ಹೇಳಿಕೊಡಬೇಕೆ? ಮಾಸ್ತರರು ಅಳತೆಯ ಸಲಕರಣೆ ಕೊಟ್ಟರೆ, ನಾನು ಬೆರಳಲ್ಲಿ ಹಿಡಿದೇ ಅಳತೆ ಹೇಳಿದೆ. ಅವರು ನಂಬದೆ ಐದು ಹರಳು ಕೊಟ್ಟು ಪರೀಕ್ಷೆ ಮಾಡಿದರು. ಐದೂ ಸರಿ. ಊರ ಹೆಂಗಸರ ಕೈ ಹಿಡಿದ ವಿದ್ಯೆ, ನೆನಪಿರಲಿ.

ಇನ್ನು ಮುಂದಿನದನ್ನು ಕೂತು ಓದಿ.

ಬುಧವಾರ ನಿಮ್ಮ ಹರಳನ್ನು ಬೆಳ್ಳಿಯಿಂದ ಬಿಡಿಸಿ ಚಕ್ರಕ್ಕೆ ಹಿಡಿದೆ. ಹನ್ನೆರಡು ಚಕ್ರಗಳ ಸದ್ದಿನಲ್ಲಿ ಯಾರ ಮಾತೂ ಕೇಳದು, ಅದಕ್ಕೆ ಮಾಸ್ತರರು ಒಂದು ರೂಢಿ ಮಾಡಿದ್ದರು. ಹರಳು ಅಳತೆಗಿಂತ ದೊಡ್ಡದಿದ್ದರೆ 'ಹೆಚ್ಚು' ಎಂದು ಕೂಗಬೇಕು, ಚಿಕ್ಕದಾದರೆ 'ಕಡಿಮಿ'. ಹೆಚ್ಚು ಅಂದರೆ ಅವರು ದೂರದಿಂದಲೇ ಇನ್ನಷ್ಟು ಅರೆಯಲು ಹೇಳುವರು. ಗೀರುಗಳೆಲ್ಲ ಹೋಗಿ ಕೆಂಪು ಬಣ್ಣ ಏಳುತ್ತಿತ್ತು, ನನಗೋ ಖುಷಿ. ಅಷ್ಟರಲ್ಲಿ ಅಂಚಿನ ಆ ಕೂದಲೆಳೆಯ ಬಿರುಕು ಒಳಗೆ ಓಡಿದ್ದು ಕಣ್ಣಿಗೆ ಬಿತ್ತು. ಬಾಯಿಂದ ಬಂದದ್ದು ಏನು ಗೊತ್ತೇ? "ಹೆಚ್ಚಾತ್ರಿ ಮಾಸ್ತರ, ಹೆಚ್ಚಾತು!"

ನಿಮಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಅಂಗಡಿಯಲ್ಲಿ ಕೂತು ಚಹಾ ಕುಡಿದವರು ನೀವು. ಬಳೆ ಒಡೆಯಿತು ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ಮುತ್ತೈದೆಯರ ಮುಂದೆ ಅದು ಕೆಟ್ಟ ಮಾತು. "ಒಡೀತು ಅನಬ್ಯಾಡ, ಹೆಚ್ಚಾತು ಅನ್ನು" ಎಂದು ಅಮ್ಮಿ ನಾನು ಐದು ವರ್ಷದವಳಿದ್ದಾಗಿಂದ ತಲೆಗೆ ಮೊಟಕಿ ಕಲಿಸಿದ್ದಾರೆ. ಮೂವತ್ತು ವರ್ಷ ಹಾಗೆಯೇ ಅಂದ ನಾಲಿಗೆ, ಆ ಗಾಬರಿಯಲ್ಲಿ ಬೇರೆ ಏನು ಅಂದೀತು? ಮಾಸ್ತರರಿಗೆ ಕೇಳಿಸಿದ್ದು ಅವರ ರೂಢಿಯ ಮಾತು. ತಲೆ ಎತ್ತದೆ, "ಹೆಚ್ಚಾಗಿದ್ರ ಇನ್ನೊಂದೀಟು ಹಿಡೀರಿ!" ಎಂದು ಕೂಗಿದರು. ಮಾಸ್ತರರ ಮಾತು ಮೀರಬಾರದೆಂದು ಹಿಡಿದೆ. ಟಪ್ ಎಂದಿತು. ಅರ್ಧ ಹರಳು ಕಡ್ಡಿಯಲ್ಲಿ, ಅರ್ಧ ನೀರಿನ ತಟ್ಟೆಯಲ್ಲಿ.

ಚಕ್ರ ನಿಲ್ಲಿಸಿ ಕೂತುಬಿಟ್ಟೆ. ಏನಾಯಿತೆಂದು ತಿಳಿದ ಮೇಲೆ ಮಾಸ್ತರರ ಮುಖ ಬಾಡಿಹೋಯಿತು. "ಅವಾಗ ನಿಂದ್ರಿಸಿದ್ರ ಉಳೀತಿತ್ತು ಅಕ್ಕಾರ. ನಂದ ತಪ್ಪಾತು" ಎಂದರು. ಅವತ್ತೇ ರೂಢಿ ಬದಲಾಯಿಸಿ, 'ಹೆಚ್ಚು' ಬಿಟ್ಟು 'ದಪ್ಪ' ಎನ್ನಬೇಕೆಂದು ಗೋಡೆಯ ಮೇಲೆ ಬರೆದರು. ನಾನು ಅತ್ತೆ. ನಿಮಗಾಗಿ ಅತ್ತದ್ದು ಹದಿನಾಲ್ಕು ತಿಂಗಳಲ್ಲಿ ಅದೇ ಮೊದಲು. ಅತ್ತದ್ದು ನಿಜವೋ ಸುಳ್ಳೋ, ಬೇಕಾದರೆ ಆಮ್ರಪಾಲಿಯನ್ನು ಕೇಳಿ.

ಅವಳೇ ನನ್ನ ಕಿವಿಯಲ್ಲಿ ಉಸುರಿದಳು: "ಅಕ್ಕಾ, ಮಾಸ್ತರ ಪೆಟ್ಟಿಗ್ಯಾಗ ಇಂಥಾದ ಇನ್ನೊಂದ ಐತಿ. ಅದನ್ನ ಕೂಡಿಸಿ ಕಳಿಸಿಬಿಡ್ರಿ. ಗಂಡಸರಿಗೆ ಹರಳಿನ ಗುರುತು ಎಲ್ಲಿ ಇರ್ತೈತಿ?" ಆ ಹರಳನ್ನು ತರಿಸಿ ಉಂಗುರದಲ್ಲಿ ಇಟ್ಟು ನೋಡಿದೆ. ಅದೇ ಕೆಂಪು, ಅದೇ ಗಾತ್ರ. ನಿಜ ಹೇಳಲೇ? ನಿಮಗೆ ಗುರುತು ಸಿಗುತ್ತಿರಲಿಲ್ಲ. ಕಳಿಸಿದ್ದರೆ ಮುಂದಿನ ವಾರವೇ ಟೆಂಪೋ ತೆಗೆದುಕೊಂಡು ಬಂದುಬಿಡುತ್ತಿದ್ದಿರಿ. ನಾನು ದಿನಾ ನಿಮ್ಮ ಬೆರಳು ನೋಡಿ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಇರುವುದು ನನ್ನಿಂದ ಆಗದ ಕೆಲಸ ಎಂದು ನಿಮ್ಮ ಮನೆಯವರೆಲ್ಲ ಒಪ್ಪುತ್ತಾರೆ. ಹರಳು ತಿರುಗಿ ಪೆಟ್ಟಿಗೆಗೆ ಹಾಕಿದೆ.

ಗುರುವಾರ, ನಿಮ್ಮ ಹರಳಿನ ದೊಡ್ಡ ಚೂರನ್ನು ಕಡ್ಡಿಗೆ ಅಂಟಿಸಿದೆ. ಮಾಸ್ತರರು ಪಕ್ಕದಲ್ಲೇ ನಿಂತಿದ್ದರು. ಬಿರುಕು ಪೂರ್ತಿ ಅರೆದು ತೆಗೆದೆ. ಉಳಿದದ್ದು ಹೆಸರುಕಾಳಿಗಿಂತ ತುಸು ದೊಡ್ಡದು. ದುಂಡಗೆ ಮಾಡಲು ಹೋದರೆ ಏನೂ ಉಳಿಯುತ್ತಿರಲಿಲ್ಲ, ಅದಕ್ಕೆ ಒಂದು ಕಡೆ ಚೂಪಾಗಿಯೇ ಬಿಟ್ಟೆ. ಶುಕ್ರವಾರ ಹೊಳಪು. ಶನಿವಾರ ಹಳೆಯ ಉಂಗುರದ ಬೆಳ್ಳಿಯನ್ನೇ ಕರಗಿಸಿ ತಟ್ಟಿ ಹೊಸದಾಗಿ ಮಾಡಿದೆ, ಹರಳು ಕೂರುವ ಮನೆಯ ಅಂಚನ್ನು ಮೂರು ಸಲ ಕೆಡಿಸಿ ನಾಲ್ಕನೆಯ ಸಲಕ್ಕೆ ಕೂರಿಸಿದೆ. ನಿಮ್ಮ ಬೆರಳಿನ ಅಳತೆ ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿದರೆ ನನ್ನ ಕೈಗೆ ಗೊತ್ತಿತ್ತು. ಇದನ್ನು ಬರೆಯುವಾಗ ಕೆನ್ನೆ ಬಿಸಿಯಾಗುತ್ತಿದೆ, ಇರಲಿ.

ಇವತ್ತು ಎಲ್ಲರ ಕೆಲಸವನ್ನೂ ಮೇಜಿನ ಮೇಲೆ ಜೋಡಿಸಿದ್ದರು. ಊರಿನ ಬಂಗಾರದ ಅಂಗಡಿಯವರು ಬಂದು ನೋಡಿದರು. ಒಬ್ಬ ಹಿರಿಯರು ನಿಮ್ಮ ಉಂಗುರವನ್ನು ಎತ್ತಿ, ಈ ವಾರೆ ಹರಳನ್ನು ಕೂರಿಸಿದವರು ಯಾರು ಎಂದು ಕೇಳಿದರು. ನಾನು ಎಂದೆ. ಮುಂದಿನ ಶಿಬಿರ ಮೂಡಲಗಿಯಲ್ಲಿ. ಅಳತೆ ಮತ್ತು ಕೈಹಿಡಿತ ಕಲಿಸಲು ನಾನೇ ಬರಬೇಕೆಂದು ಮಾಸ್ತರರು ಕೇಳಿದ್ದಾರೆ. ಯಾರನ್ನಾದರೂ ಕೇಳಿ ಹೇಳುತ್ತೇನೆ ಅನ್ನಲಿಲ್ಲ, ಅಲ್ಲೇ ಹೂಂ ಅಂದುಬಿಟ್ಟೆ. ಅಂಗಡಿ ನಡೆಯುತ್ತದೆ, ಅದರ ಒಂದು ಮೂಲೆಯಲ್ಲಿ ಸಾಣೆ ಚಕ್ರವೂ ಬರುತ್ತದೆ.

ಈಗ ನಿಮ್ಮ ಷರತ್ತಿನ ಮಾತು. ನೀವು ಕಳಿಸಿದ ಉಂಗುರ ಈಗ ಇಲ್ಲ, ಆದ್ದರಿಂದ ಹೊಳ್ಳಿ ಕಳಿಸಲಾರೆ. ಹೊಸದನ್ನೂ ಕಳಿಸುವುದಿಲ್ಲ. ಅದು ಅಂಕಲಗಿಯಲ್ಲಿ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಇದಕ್ಕೆ ಮುಗಿಯಿತು ಎಂದು ಅರ್ಥ. ನನ್ನ ಲೆಕ್ಕದಲ್ಲಿ ಹಾಗಲ್ಲ. ಬಾಯಿಬಿಟ್ಟು ಕೇಳಲು ಧೈರ್ಯ ಸಾಲದೆ ಉಂಗುರದ ಕೈಯಲ್ಲಿ ಕೇಳಿಸಿದಿರಿ. ಹೌದು ಅಂದರೂ ನಾನೇ ಅಂದದ್ದು, ಇಲ್ಲ ಅಂದರೂ ನಾನೇ ಅಂದದ್ದು, ನೀವು ಮಾತ್ರ ಟೆಂಪೋದಲ್ಲಿ ಕೂತು ಕಾಯುವವರು. ಅದು ಬೇಡ. ಬಂದು ಎದುರಿಗೆ ನಿಂತು ಕೇಳಿ. ಉತ್ತರ ಏನು ಎಂಬ ಭಯವಿದ್ದರೆ ಈಗಲೇ ಹೇಳಿಬಿಡುತ್ತೇನೆ: ನನಗೆ ನೀವು ಬೇಕು. ಅಂಗಡಿಯೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಎಂದು ಕೇಳುವ ಹಾಗಿದ್ದರೆ ಡೀಸೆಲ್ ಸುಡಬೇಡಿ.

ನಾಳೆ ಬೆಳಿಗ್ಗೆ ಈ ಕಾಗದವನ್ನು ಮಾಯಪ್ಪಣ್ಣನ ಕೈಗೆ ಕೊಡುತ್ತೇನೆ. ಈ ಸಲ ಲಕೋಟೆಗೆ ಅಂಟು ಹಚ್ಚಿದ್ದೇನೆ, ಬಸ್ಸಿನವರು ಓದಲಾರರು.

ಇಂತಿ,
ನಿಮ್ಮ ಹೆಸರನ್ನು ಫಾರ್ಮಿನಲ್ಲಿ ಬರೆದವಳು,
ಸಾಹಿರಾ

ಮರೆತ ಮಾತು: ಮರೆತದ್ದೇನಲ್ಲ, ಬರೆಯಬಾರದೆಂದು ಬಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮಾಸ್ತರರು "ಹಿಡೀರಿ" ಎಂದು ಕೂಗಿದಾಗ ಅವರಿಗೆ ಬೇರೆಯೇ ಅರ್ಥವಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಕೈ ತೆಗೆಯಬಹುದಿತ್ತು. ಬಸ್ಸಿನ ಕಿಟಕಿಯಲ್ಲಿ ಕಂಡ ಆ ಮುಖಗಳೆಲ್ಲ ನೆನಪಾದವು, ಒತ್ತಿದೆ. ಎಷ್ಟು ಒತ್ತಿದರೆ ಒಡೆಯುತ್ತದೆ ಎಂದು ತಿಳಿದೇ ಒತ್ತಿದೆ. ನಾಲ್ಕು ದಿನ ಆ ತಪ್ಪನ್ನು ಹೊತ್ತು ತಿರುಗಿದ ಮಾಸ್ತರರಿಗೆ ಈಗ ತಾನೇ ಹೋಗಿ ಹೇಳಿ ಬಂದೆ. ನೀವು ಏನಾದರೂ ಅನ್ನಿ. ನಿಮಗೆ ಹೆಂಡತಿಯಾಗಿ ಸಿಕ್ಕವಳು ಇಂಥವಳು ಎಂದು ತಿಳಿದ ಮೇಲೂ ಬರುವ ಮನಸ್ಸಿದ್ದರೆ, ಗುರುವಾರ ತಿಂಗಳು ಮುಗಿಯುತ್ತದೆ, ಅಂದೇ ಬನ್ನಿ. ಅಕ್ಕನ ಮನೆಯಲ್ಲಿ ಊಟ ಮಾಡಿಕೊಂಡು ಬರಬೇಡಿ.