ಟ್ಯಾಬ್ಲೆಟ್ ತಲೆ ಬಾಚುತ್ತದೆಯೇ?

ಹೊಸ ಉದ್ದಿಮೆಗಳಿಗೆ ಆರಂಭದ ಬಂಡವಾಳ ಕೊಡುವ ನಮ್ಮ ಕಾಲೇಜಿನ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನೀವು ನನಗೆ ಬಂಡವಾಳ ಕೊಡಲಿಲ್ಲ; ಈ ಪತ್ರ ಅದಕ್ಕಲ್ಲ. ನನ್ನ ಪ್ರಾಜೆಕ್ಟ್ ಮುಚ್ಚಿದ ದಿನವೇ, ರಾಯಕೋಟೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಲು ಕೊಡಿಸಿದ್ದ ಅನುಮತಿಯನ್ನೂ ವಾಪಸ್ ಪಡೆದಿರಿ. ಅಲ್ಲಿ ಏಳನೇ ಕ್ಲಾಸಿನ ಸೌಮ್ಯ ಎಂಬ ಹುಡುಗಿ ಪ್ರತಿ ಭಾನುವಾರ ನನ್ನ ದಾರಿ ಕಾಯುತ್ತಾಳೆ. ಇದು ನಿಮ್ಮ ಗಮನಕ್ಕೆ ಬಂದಿತ್ತೇ? ಬಂದಿರಲಾರದು. ನಿಮ್ಮ ಪರದೆಯ ಮೇಲೆ ಅವಳ ಹೆಸರು 'ಬಳಕೆದಾರ' ಎಂದಿತ್ತು.

ಈ ಪತ್ರ ಓದುವ ಮಿಕ್ಕವರಿಗಾಗಿ ಹೇಳುತ್ತೇನೆ, ನನ್ನ ಐಡಿಯಾ ಸಣ್ಣದು. ಭಾನುವಾರ ಹಾಸ್ಟೆಲಿಗೆ ಅಪ್ಪ ಅಮ್ಮ ನೋಡಲು ಬರುತ್ತಾರೆ. ಕೆಲಸ ಬಿಟ್ಟು ಬರಲಾಗದವರ ಪರವಾಗಿ ನಮ್ಮಂಥ ವಿದ್ಯಾರ್ಥಿನಿಯರು ಹೋಗಿ ಮಗುವಿನ ಜೊತೆ ಕೂತು ಬರುವುದು; ಹೆತ್ತವರು ಅದಕ್ಕೆ ಸ್ವಲ್ಪ ಶುಲ್ಕ ಕೊಡುವುದು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಗೇಟಿನ ಸದ್ದಾದಾಗ ಪುಸ್ತಕದಿಂದ ತಲೆ ಎತ್ತದೆ ಇರುವುದನ್ನು ಕಲಿತವಳು. ನೀವು ಮಾರ್ಕೆಟ್ ರಿಸರ್ಚ್ ಎನ್ನುತ್ತೀರಲ್ಲ, ಅದನ್ನು ನಾನು ವರ್ಷಗಟ್ಟಲೆ ಪುಕ್ಕಟೆ ಮಾಡಿದ್ದೆ.

"ಗ್ರಾಹಕರ ಹತ್ತಿರ ಹೋಗಿ, ಮಾರಬೇಡಿ, ಕೇಳಿಸಿಕೊಳ್ಳಿ" ಎಂದು ಮೊದಲ ಕ್ಲಾಸಿನಲ್ಲೇ ಹೇಳಿದವರು ನೀವು. ನಾನು ಪೆದ್ದಿ, ನಂಬಿಬಿಟ್ಟೆ. ಹೊಸೂರಿನಲ್ಲಿ ಬಸ್ ಹತ್ತಿ ಹೋಗಿ, "ಒಂದರಿಂದ ಐದರೊಳಗೆ, ನೀನು ಎಷ್ಟು ಖುಷಿಯಾಗಿದ್ದೀಯ?" ಎಂದು ಕೇಳಿದೆ. ಸೌಮ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೆಷ್ಟು? ಅದ್ನ ಮೊದ್ಲು ಹೇಳಕ್ಕ."

ನಾನು ಪ್ರಶ್ನೆಗಳ ಹಾಳೆ ಮಡಿಚಿಟ್ಟೆ. ಈ ಕಾಲೇಜಿಗೆ ಬಂದ ಮೇಲೆ ಹಾಜರಿ ಕೂಗುವಾಗ ಬಿಟ್ಟರೆ ನನ್ನ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಅವಳು ಬಾಚಣಿಗೆಯನ್ನು ನನ್ನ ಕೈಗಿಟ್ಟು ಬೆನ್ನು ತಿರುಗಿಸಿ ಕೂತಳು. ಅಂಗಳದ ತುಂಬ ಅಮ್ಮಂದಿರು ಹೆಣ್ಣುಮಕ್ಕಳ ತಲೆ ಬಾಚುತ್ತಿದ್ದರು. ನನಗೋ ಜಡೆ ಹೆಣೆಯಲು ಬಾರದು. ನಮ್ಮ ಹಾಸ್ಟೆಲಿನಲ್ಲಿ ಹೇನಿನ ಭಯಕ್ಕೆ ಎಲ್ಲರಿಗೂ ಕ್ರಾಪು. ಪಕ್ಕದ ಹುಡುಗಿ ಕಿಸಕ್ಕನೆ ನಕ್ಕಳು: "ಏನೇ ಇದು, ನಿಮ್ಮಕ್ಕ ಹಗ್ಗ ಹೊಸೀತಾವ್ಳಾ?"

"ಸೊಟ್ಟ ಆದ್ರೂ ಆಗ್ಲಿ ಬಿಡಕ್ಕ," ಎಂದಳು ಸೌಮ್ಯ. "ಬಿರ್ನೆ ಮುಗಿಸ್ಬ್ಯಾಡ."

ಮಾನ್ಯರೇ, ನನ್ನ ಇಡೀ ಸಂಶೋಧನೆ ಆ ಒಂದು ಮಾತು.

ಅವಳ ಅಮ್ಮ ಅಂಜಮ್ಮ ಸೂಳಗಿರಿ ಹತ್ತಿರದ ಗುಲಾಬಿ ತೋಟದಲ್ಲಿ ಕೆಲಸಕ್ಕಿದ್ದಾರೆ. ಸೋಮವಾರದ ಮಾರುಕಟ್ಟೆಗೆ ಭಾನುವಾರವೇ ಹೂ ಕೊಯ್ಯಬೇಕು. ಫೋನಿನಲ್ಲಿ ಹೇಳಿದರು: "ದುಡ್ಡು ಕೊಡ್ತೀನಿ ಕಣಮ್ಮ. ಆದ್ರೆ ನೀನು ದುಡ್ಡಿಗೆ ಬತ್ತೀಯ ಅಂತ ನನ್ ಮಗೀಗೆ ಮಾತ್ರ ಗೊತ್ತಾಗ್ಬಾರ್ದು." ಇದನ್ನೂ ಮುಚ್ಚಿಡದೆ ಸಮಿತಿಯ ಮುಂದಿಟ್ಟೆ. ನೀವು ನಕ್ಕು, "ನೀನೇ ವಾರವಾರ ಹೋಗುವುದಾದರೆ ಇದು ಕಂಪನಿಯೋ, ನೆಂಟಸ್ತಿಕೆಯೋ?" ಎಂದಿರಿ. ಒಳ್ಳೆಯ ಪ್ರಶ್ನೆ. ಈಗಲೂ ನನ್ನಲ್ಲಿ ಉತ್ತರವಿಲ್ಲ. ನಿಮ್ಮಲ್ಲಿ ಮಾತ್ರ ತಕ್ಷಣವೇ ಇತ್ತು: ಹಾಸ್ಟೆಲಿಗೊಂದು ಟ್ಯಾಬ್ಲೆಟ್, ಆ ಕಡೆ ಮಾತಾಡಲು ಒಬ್ಬರು, ಮಗುವಿಗೆ ಐದೈದು ನಿಮಿಷ. ಟ್ಯಾಬ್ಲೆಟ್ ತಲೆ ಬಾಚುತ್ತದೆಯೇ, ಮಾನ್ಯರೇ? ಆರಂಭದ ಹೂಡಿಕೆ ಎಂದರೆ ಇನ್ನೂ ಮೊಳೆಯದ್ದನ್ನು ನಂಬುವುದು ಎಂದು ಬ್ಯಾನರ್ ಕಟ್ಟಿಸಿದ್ದೀರಿ. ಮೊದಲ ದಿನವೇ ಫಸಲು ತೋರಿಸು ಎನ್ನುವುದಕ್ಕೆ ನಂಬಿಕೆ ಎನ್ನುತ್ತಾರೆಯೇ? ಗ್ರಾಹಕರನ್ನು ಅರ್ಥಮಾಡಿಕೊಳ್ಳಿ ಎಂದಿರಿ. ಅರ್ಥವಾದ ಮೇಲೆ ಎದ್ದು ಬರುವುದು ಹೇಗೆಂದು ನಿಮ್ಮ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಕಳೆದ ಭಾನುವಾರ ಹೋಗಿದ್ದೆ. ವಾಚ್‌ಮನ್ ಪಾಪಯ್ಯನವರು ಕೈಮುಗಿದುಬಿಟ್ಟರು: "ಲೆಟ್ರಿಲ್ದೆ ಬಿಟ್ರೆ ನನ್ ಕೆಲ್ಸ ಹೋಯ್ತದೆ ಕಣಮ್ಮ." ಅವರದ್ದು ಸರಿ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಗುರುತಿಲ್ಲದವರನ್ನು ಬಿಡಲೇಬಾರದು. ನಿಮ್ಮ ಸಹಿ ಇಲ್ಲದಿದ್ದರೆ ನಾನು ಅವಳಿಗೆ ಯಾರು? ಒಳಗೆ ಜಗಲಿಯ ಮೇಲೆ ಸೌಮ್ಯ ಕೂದಲು ಬಿಚ್ಚಿಕೊಂಡು ನಿಂತಿದ್ದಳು. ಬಾ ಎಂದು ಕೈಬೀಸಿದಳು. ನಾನು ಗೇಟಿನತ್ತ ತೋರಿಸಿದೆ. ಅವಳು ಮತ್ತೆ ಕೈಬೀಸಿದಳು.

ಬಂಡವಾಳ ಬೇಡ. ಆ ಭಾನುವಾರದ ಅನುಮತಿಯನ್ನಷ್ಟೇ ಮರಳಿ ಕೊಡಿಸಿ. ಅದೂ ಆಗದಿದ್ದರೆ, ಬರುವ ಭಾನುವಾರ ತಾವೇ ರಾಯಕೋಟೆಗೆ ಹೋಗಿ, ಪ್ರಾಜೆಕ್ಟ್ ಮುಗಿಯಿತು ಎಂಬುದನ್ನು ಅವಳಿಗೆ ತಿಳಿಯುವ ಹಾಗೆ ಹೇಳಿ ಬನ್ನಿ. ಹೋಗುವಾಗ ಅವಳ ಬಾಚಣಿಗೆಯನ್ನು ನನ್ನಿಂದ ತೆಗೆದುಕೊಂಡು ಹೋಗಿ. "ನೀನೇ ಇಟ್ಕೊಳಕ್ಕ, ಆಗ ಬಂದೇ ಬತ್ತೀಯ" ಎಂದು ಕೊಟ್ಟಿದ್ದಾಳೆ.

ಇಂತಿ,
ಗೇಟಿನ ಈಚೆ ನಿಂತಿರುವ
ಚಂದ್ರಲೇಖಾ
(ಮೊದಲ ವರ್ಷ. ಜಡೆ ಈಗ ಒಂದು ಮಟ್ಟಿಗೆ ಬರುತ್ತದೆ.)