ಈಗ ಮುಖ ಒರೆಸ್ತೀನಿ

ಜೂನ್ ೧೪, ಭಾನುವಾರ

ಪ್ರೀತಿಯ ದೊಡ್ಡಮ್ಮನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೈಯುತ್ತಲೇ ಇದನ್ನು ಒಡೆದಿರುತ್ತೀಯ; ಬೈದು ಮುಗಿಸಿ ಮುಂದೆ ಓದು. ದೊಡ್ಡಪ್ಪನ ಮಂಡಿನೋವು ಹೇಗಿದೆ?

ನನಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದಾಗ, "ಸೂಜಿ ಕಂಡ್ರೆ ಕಣ್ಣು ಮುಚ್ಚೋಳಿಗೆ ಅಲ್ಲೇನೇ ಕೆಲಸ?" ಅಂದಿದ್ದೆಯಲ್ಲ, ಸೂಜಿಯನ್ನು ನನ್ನ ಕೈಗೆ ಯಾರೂ ಕೊಟ್ಟಿಲ್ಲ. ಇಲ್ಲಿನ ನರ್ಸ್‌ಗಳು ಒಂದು ಸಂಶೋಧನೆ ನಡೆಸುತ್ತಿದ್ದಾರೆ. ಅದನ್ನು ಓದುವ ಹಾಗೆ ಬರೆದುಕೊಡುವುದಷ್ಟೇ ನನ್ನ ಪಾಲು. ಸಂಶೋಧನೆ ಯಾವುದರ ಬಗ್ಗೆ ಗೊತ್ತಾ? ಪ್ರಜ್ಞೆಯಿಲ್ಲದ ರೋಗಿಯನ್ನು ಮುಟ್ಟುವ ಮೊದಲು ಹೆಸರು ಹಿಡಿದು ಕರೆದು, ಏನು ಮಾಡುತ್ತೇವೆಂದು ಹೇಳಬೇಕು. ಕೆಲವರಿಗೆ ಹಾಗೆ ಹೇಳಿ, ಉಳಿದವರನ್ನು ಎಂದಿನಂತೆ ನೋಡಿಕೊಂಡು, ಎಚ್ಚರವಾದ ಮೇಲೆ ಯಾರಿಗೆ ಗಾಬರಿ ಕಡಿಮೆ ಎಂದು ಹೋಲಿಸುತ್ತಾರೆ. ಹೇಳಿಸಿಕೊಂಡವರೇ ಶಾಂತವಾಗಿದ್ದಾರೆ, ಇಲ್ಲಿಯವರೆಗೆ.

ಓದುತ್ತಾ ನಿನ್ನ ಬಚ್ಚಲುಮನೆ ನೆನಪಾಯಿತು. ಅಮ್ಮ ಹೋದ ಮೇಲೆ ನಿನ್ನ ಮನೆಗೆ ಬಂದ ಹೊಸತು. "ಈಗ ತಲೆಗೆ ನೀರು ಹಾಕ್ತೀನಿ. ಈಗ ಸೋಪು. ಕಣ್ಣು ಮುಚ್ಕೋ." ನರ್ಸ್ ಡ್ಯೂಟಿ ಮುಗಿಸಿ ಮನೆಗೆ ಬಂದರೂ ನಿನ್ನ ಬಾಯಿಂದ ವಾರ್ಡು ಇಳಿಯುತ್ತಿರಲಿಲ್ಲ. ನಿದ್ದೆ ಹೋದವಳಿಗೂ "ಹೊದಿಸ್ತೀನಿ ಕಣೇ" ಎಂದು ಹೇಳಿಯೇ ಹೊದಿಸುತ್ತಿದ್ದೆ. ನಾನು ಎಷ್ಟೋ ಸಲ ಅದನ್ನು ಕೇಳಲೆಂದೇ ನಿದ್ದೆ ನಟಿಸಿದ್ದೇನೆ. ದೊಡ್ಡಪ್ಪ ಮಾತ್ರ, "ಊಟ ಬಡಿಸ್ತೀನಿ ಅಂತ ಹೇಳೋದೇನೋ ಹೇಳ್ತಾಳೆ, ತಟ್ಟೆ ಬರೋದು ಅರ್ಧ ಗಂಟೆ ಬಿಟ್ಟು" ಎಂದು ಗೊಣಗುತ್ತಿದ್ದರು.

ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮೊನ್ನೆ ಹೊಸ ನರ್ಸೊಬ್ಬಳು ಕೇಳಿದಳು: "ಸಿಸ್ಟರ್, ಉಸಿರು ನಿಂತ ಮೇಲೂ ಮೈ ಒರೆಸ್ತೀವಲ್ಲ, ಆಗ್ಲೂ ಹೇಳ್ಬೇಕಾ?"

"ಹೇಳು ಹೇಳು," ಅಂದಳು ಪಕ್ಕದವಳು. "ಅವ್ರು ಹ್ಞೂಂ ಅಂದ್ರೆ ಮೊದ್ಲು ಓಡೋಳು ನೀನೇ."

ಎಲ್ಲರೂ ನಕ್ಕರು. ಸಂಶೋಧನೆ ನಡೆಸುವ ಹಿರಿಯ ಸಿಸ್ಟರ್ ನಗಲಿಲ್ಲ. ನನ್ನ ಕಡೆ ತಿರುಗಿ, "ಎಲ್ಲಿಗೆ ನಿಲ್ಲಿಸ್ಬೇಕು ಅಂತ ಒಂದು ಸಾಲು ಬರೀಮ್ಮ. ಅದಿಲ್ದೆ ಹೊಸಬರಿಗೆ ಕಲಿಸೋದು ಹೇಗೆ?" ಅಂದರು.

ಆ ಒಂದು ಸಾಲು ಬರುತ್ತಿಲ್ಲ, ದೊಡ್ಡಮ್ಮ. ಸಾಹಿತ್ಯ ಓದಿದವಳೆಂದು ಎಲ್ಲರೂ ಕಾಯುತ್ತಿದ್ದಾರೆ. ನಾನು ಬರೆದದ್ದನ್ನೇ ಅವರು ನಾಳೆ ಪಾಲಿಸುತ್ತಾರೆ ಎಂದು ನೆನೆದರೆ ಪೆನ್ನು ಕೆಳಗಿಡುತ್ತೇನೆ. ನೀನು ಎಲ್ಲಿಗೆ ನಿಲ್ಲಿಸುತ್ತಿದ್ದೆ?

ನೀವಿಬ್ಬರೂ ಚೆನ್ನಾಗಿರಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಇಡುವ ಮೊದಲು ಹೇಳಿಯೇ ಇಡು.

ನಿನ್ನ
ಪಿಸುಗುಬ್ಬಿ

ಮತ್ತೆ: ಕಾಗದ ಮಡಚಿದವಳು ಬಿಚ್ಚಿ ಬರೆಯುತ್ತಿದ್ದೇನೆ. ಅಮ್ಮನ ಕೊನೆಯ ದಿನ ನಿನ್ನ ವಾರ್ಡಿನಲ್ಲಿ, ಹಸಿರು ಪರದೆಯ ಈಚೆ, ಸ್ಟೂಲಿನ ಮೇಲೆ ನಾನಿದ್ದೆ. ಒಳಗಿನಿಂದ ನಿನ್ನ ದನಿ: "ಈಗ ಮುಖ ಒರೆಸ್ತೀನಿ ಕಣೇ. ನೀರು ಬೆಚ್ಚಗಿದೆ. ಈಗ ಜಡೆ ಬಿಚ್ತೀನಿ." ಅಮ್ಮ ಹುಷಾರಾದಳು, ತಲೆ ಬಾಚಿಸಿಕೊಂಡು ಮನೆಗೆ ಹೊರಡುತ್ತಾಳೆ ಎಂದು ನಾನು ಕಾಲಾಡಿಸುತ್ತಾ ಕೂತಿದ್ದೆ. ಅಷ್ಟು ಹೊತ್ತಿಗೆ ಅವಳು ಹೋಗಿಯಾಗಿತ್ತು ಎಂದು ಆಮೇಲೆ ದೊಡ್ಡವರ ಮಾತಿನಿಂದ ತಿಳಿಯಿತು. ನಿನ್ನನ್ನು ಯಾವತ್ತೂ ಕೇಳಲಿಲ್ಲ. ಆ ಸಾಲು ಬರೆಯುವ ಮೊದಲು ಈಗ ಕೇಳುತ್ತೇನೆ: ಆ ಮಾತೆಲ್ಲ ಅಮ್ಮನಿಗೋ, ಪರದೆಯ ಈಚೆ ಕೂತಿದ್ದ ನನಗೋ?